ಗಾಲಿ ಗೋಡೆಯ ಶಕ್ಕೂಬಾಯಿ

ಶಕ್ಕೂಬಾಯಿ ಊರಿಗೆ ಬರುವ ಮೊದಲು ಅವರ ನಗು ಬರುತ್ತಿತ್ತು. ಹಳ್ಳದ ಆಚೆ ದನ ಕಾಯುವವನೊಬ್ಬ ಏನೋ ಅಂದಿರುತ್ತಿದ್ದ, ಇವರು ಮೊಪೆಡ್ಡಿನ ಮೇಲೆ ಕೂತುಕೊಂಡೇ ಹೋ ಎಂದು ನಕ್ಕಿರುತ್ತಿದ್ದರು. ಆ ನಗು ಜೋಳದ ಹೊಲ ದಾಟಿ, ಊರಬಾಗಿಲ ಅಗಸಿ ಹೊಕ್ಕು, ನಮ್ಮ ಶಾಲೆಯ ಕಿಟಕಿಗೆ ಬಂದು ಮುಟ್ಟುತ್ತಿತ್ತು. ನಾನು ಹದಿನೇಳರ ಮಗ್ಗಿ ಹೇಳಿಸುತ್ತಿದ್ದರೆ ಮಗ್ಗಿಯ ಕಥೆ ಅಲ್ಲಿಗೇ ಮುಗಿಯಿತು. "ಅಕ್ಕೋರ, ಶಕ್ಕೂಬಾಯಿ ಬಂದ್ರು!" ಎಂದು ಅರ್ಧ ಮಕ್ಕಳು ಮುಂದಿನ ಬಾಗಿಲಿಗೆ ಓಡುತ್ತಿದ್ದವು, ಸೂಜಿ ನೆನಪಾದ ಇನ್ನರ್ಧ ಹಿಂದಿನ ಬಾಗಿಲಿಗೆ. ನನ್ನ ಬೆತ್ತಕ್ಕೆ ಎಂದೂ ಸಿಗದ ಮರ್ಯಾದೆ ಆ ನಗುವಿಗೆ ಸಿಗುತ್ತದಲ್ಲ ಎಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಅವರು ನಮ್ಮ ಆರೋಗ್ಯ ಉಪಕೇಂದ್ರದ ನರ್ಸು. ಮುದ್ದೇಬಿಹಾಳದ ಕಡೆಯವರು. ಸರಕಾರಿ ಕಾಗದದಲ್ಲಿ ಶಕುಂತಲಾ, ಊರ ಬಾಯಲ್ಲಿ ಶಕ್ಕೂಬಾಯಿ, ಎದುರಿಗೆ 'ಬಾಯಾರ'. ಕನ್ನೊಳ್ಳಿಯಿಂದ ಒಳಗೆ ಕಚ್ಚಾ ರಸ್ತೆ ಹಿಡಿದು ಬಂದರೆ ಸಿಗುವ ಐದು ಊರುಗಳಿಗೆ ಇವರೊಬ್ಬರೇ. ತೊಂಬತ್ತರ ದಶಕದ ಆ ದಿನಗಳಲ್ಲಿ ಬಸ್ಸು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ಅದೂ ಮಳೆ ಬಂದು ಎರೆಮಣ್ಣು ಗಾಲಿ ಹಿಡಿಯದಿದ್ದರೆ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುವ ಪ್ರಸಂಗ ಬಂದರೆ ಬಿಜಾಪುರಕ್ಕೇ ಹೋಗಬೇಕು. ಪಟ್ಟಣದ ಹೆಣ್ಣುಮಗಳು ರಿಕ್ಷಾ ಹತ್ತಿ ಹತ್ತು ನಿಮಿಷದಲ್ಲಿ ಮುಟ್ಟುವ ಜಾಗಕ್ಕೆ ನಮ್ಮ ಹೆಣ್ಣುಮಕ್ಕಳು ದೇವರ ಮೇಲೆ ಭಾರ ಹಾಕಿ ಹೊರಡಬೇಕಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಶಕ್ಕೂಬಾಯಿಗೂ ಬರುತ್ತಿತ್ತು, ಆದರೆ ಅವರ ಸಿಟ್ಟು ಹೊರಗೆ ಬರುವಾಗ ನಗುವಾಗಿ ಬರುತ್ತಿತ್ತು.

ಅವರ ಮೊಪೆಡ್ಡಿನದೇ ಒಂದು ಪುರಾಣ. ಇಳಿಜಾರಿನಲ್ಲಿ ಓಡುತ್ತಿತ್ತು, ಏರು ಬಂದರೆ ಕೆಳಗಿಳಿದು ದೂಕಬೇಕು. "ಏರಿನ್ಯಾಗ ನಾ ಅದನ್ನ ಸಂಭಾಳಸ್ತೇನಿ, ಇಳುಕಲಿನ್ಯಾಗ ಅದು ನನ್ನ ಸಂಭಾಳಸ್ತೈತಿ. ಸಂಸಾರ ಅಂದ್ರ ಇಷ್ಟ ಅಲ್ಲೇನ್ರಿ ಟೀಚರ?" ಎನ್ನುತ್ತಿದ್ದರು. ಅವರ ಸಂಸಾರದ ಬಗ್ಗೆ ಊರಲ್ಲಿ ಗುಸುಗುಸು ಇತ್ತು, ಗಂಡ ಬಿಟ್ಟಿದ್ದಾನಂತೆ ಎಂದು. ಒಂದು ದಿನ ಬಾವಿಕಟ್ಟೆಯಲ್ಲಿ ಯಾರೋ ಕೇಳಿಯೇ ಬಿಟ್ಟರು. ಶಕ್ಕೂಬಾಯಿ ಸೊಂಟದ ಮೇಲೆ ಕೈಯಿಟ್ಟು, "ಅಂವ ಬಿಡಾಕ ನಾ ಏನ್ ಗೂಟಕ್ಕ ಕಟ್ಟಿದ್ದ ಎಮ್ಮಿ ಏನು? ನಾನ ಬಿಟ್ಟು ಬಂದೇನಿ. ಏರಿನ್ಯಾಗೂ ನಾನ ದೂಕೂದು, ಇಳುಕಲಿನ್ಯಾಗೂ ನಾನ ದೂಕೂದು ಆಗಿತ್ತು. ಅದಕ್ಕಿಂತ ಈ ಗಾಡಿ ಚಲೋ" ಎಂದರು. ಕೇಳಿದವಳು ಕೊಡ ಮರೆತು ಮನೆಗೆ ಹೋದಳು.

ಅವರಿಗೊಂದು ಚಾಳಿ. ಬಸುರಿ ಕಂಡರೆ ಸಾಕು, ಮಾತಾಡುತ್ತಲೇ ಬಗ್ಗಿ ಅವಳ ಮೊಣಕಾಲ ಕೆಳಗೆ, ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದರು. ಬೆರಳು ತೆಗೆದ ಮೇಲೂ ಅಲ್ಲಿ ಕುಣಿ ಉಳಿದರೆ ಮೈಗೆ ನೀರು ಬಂದಿದೆ, ರಕ್ತದೊತ್ತಡ ನೋಡಬೇಕು ಎಂದು ಅರ್ಥ. ಬಾವಿಕಟ್ಟೆ, ಮದುವೆಯ ಪಂಕ್ತಿ, ಹಿಟ್ಟಿನ ಗಿರಣಿಯ ಸಾಲು, ಜಾಗ ಯಾವುದಾದರೂ ಆದೀತು. ನನ್ನ ಅತ್ತೆ ನೀಲವ್ವ ಇದನ್ನು ನೋಡಿ ನೋಡಿ ಒಂದು ದಿನ ಅಂದರು: "ನಾ ಕಾಗದದ ಮ್ಯಾಲ ಹೆಬ್ಬಟ್ಟು ಒತ್ತತೇನಿ, ನೀವು ಮಂದಿ ಕಾಲ ಮ್ಯಾಲ ಒತ್ತತೀರಿ. ಓದಿದಾಕಿಗೂ ಓದಲಾರದಾಕಿಗೂ ಏನ್ ಫರಕ ಉಳೀತು ಬಾಯಾರ?" ಶಕ್ಕೂಬಾಯಿ ಬಿದ್ದು ಬಿದ್ದು ನಕ್ಕರು. ಆಮೇಲೆ ಅತ್ತೆಯ ಹೆಬ್ಬೆರಳು ಹಿಡಿದು, ಎದುರಿಗಿದ್ದ ಬಸುರಿಯೊಬ್ಬಳ ಕಾಲ ಮೇಲೆ ಒತ್ತಿಸಿ, "ಫರಕ ಇಲ್ಲ ನೀಲಕ್ಕಾ. ಒತ್ತ್ರಿ, ಹತ್ತು ಎಣಿಸ್ರಿ, ತಗೀರಿ, ನೋಡ್ರಿ. ಆತು, ನೀವೂ ನರ್ಸ ಆದ್ರಿ" ಎಂದರು. ಅತ್ತೆಗೆ ಆ ದಿನವೆಲ್ಲ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ನೀಲವ್ವ ಅಂದರೆ ಊರಿನ ಹಿರಿಯ ಮುತ್ತೈದೆ. ಯಾರ ಮನೆಯ ಕುಬಸವಾದರೂ ಮೊದಲ ಕೈ ಅವರದು. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ಶೇಂಗಾ ಹೋಳಿಗೆ ತಂದು ಕುಬಸ ಮಾಡುತ್ತಾರೆ. ಮುತ್ತೈದೆಯರು ಅವಳ ಸೆರಗೊಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಹಾಕಿ ಉಡಿ ತುಂಬುತ್ತಾರೆ. ಉಡಿಗೆ ಬಿದ್ದದ್ದನ್ನು ಯಾರೂ ಒಲ್ಲೆ ಅನ್ನುವಂತಿಲ್ಲ. ಈ ಕೊನೆಯ ಮಾತು ಶಕ್ಕೂಬಾಯಿಯ ಕಿವಿಗೆ ಬಿದ್ದದ್ದೇ ತಡ, ಅವರ ತಲೆ ಓಡತೊಡಗಿತು.

ಯಾಕೆಂದರೆ ಅವರ ಚೀಲದ ತುಂಬ ರಕ್ತ ಹೆಚ್ಚಿಸುವ ಕೆಂಪು ಗುಳಿಗೆಗಳಿದ್ದವು, ನುಂಗುವವರು ಇರಲಿಲ್ಲ. ಗುಳಿಗೆ ನುಂಗಿದರೆ ಕರಿಯ ಕೂಸು ಹುಟ್ಟುತ್ತದೆ ಎಂದು ಯಾರೋ ಹಬ್ಬಿಸಿದ್ದರು. "ಕರೀ ಎರಿ ಹೊಲದಾಗ ಬಿಳೀ ಜ್ವಾಳ ಬೆಳೀತೈತೋ ಇಲ್ಲೋ? ಹಂಗಿದ್ದ ಮ್ಯಾಲ ಕೆಂಪು ಗುಳಿಗಿ ನುಂಗಿದ್ರ ಕರೀ ಕೂಸು ಹ್ಯಾಂಗ ಹುಟ್ಟತೈತಿ?" ಎಂದು ಐದೂ ಊರು ತಿರುಗಿ ಗಂಟಲು ಹರಿದುಕೊಂಡರೂ ಹೆಂಗಸರು ಎದುರಿಗೆ ಹೌದ್ರಿ ಹೌದ್ರಿ ಎಂದು ಗುಳಿಗೆಯನ್ನು ತಿಪ್ಪೆಗೆ ಎಸೆಯುತ್ತಿದ್ದರು. ಈಗ ಶಕ್ಕೂಬಾಯಿ ಗುಳಿಗೆಯ ಪೊಟ್ಟಣ ಹಿಡಿದು ಮುಂದಿನ ಕುಬಸಕ್ಕೆ ಹಾಜರಾದರು. ಉಡಿಯ ಹತ್ತಿರ ಕೈ ತಂದರೋ ಇಲ್ಲವೋ, ನಮ್ಮ ಅತ್ತೆ ತಡೆದರು.

"ಸಿಟ್ಟಾಗಬ್ಯಾಡ್ರಿ ಬಾಯಾರ. ಗಂಡನ್ನ ಬಿಟ್ಟಾಕಿ ಉಡಿಗೆ ಕೈ ಹಚ್ಚಬಾರದು."

ನನಗೆ ನೆಲ ಬಾಯ್ಬಿಟ್ಟರೆ ಸಾಕೆನಿಸಿತು. ಶಕ್ಕೂಬಾಯಿಯ ಮುಖ ಒಂದು ಗಳಿಗೆ ಸಣ್ಣಗಾಯಿತು. ಆಮೇಲೆ ಪೊಟ್ಟಣವನ್ನು ಅತ್ತೆಯ ಅಂಗೈಯಲ್ಲಿಟ್ಟು, "ನನ್ನ ಕೈ ಬ್ಯಾಡಂದ್ರ ಬಿಡ್ರಿ, ನಿಮ್ಮ ಕೈ ಕೊಡ್ರಿ. ಗುಳಿಗಿಗೇನು ಗಂಡ ಇಲ್ಲ" ಎಂದರು. ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿ ನಕ್ಕರು. ಅತ್ತೆ ಅಕ್ಕಿಯ ಜೊತೆಗೆ ಗುಳಿಗೆಯನ್ನೂ ಉಡಿಗೆ ಹಾಕಿದರು. ಅಂದಿನಿಂದ ಐದೂರ ಕುಬಸಗಳಲ್ಲಿ ಉಡಿಗೆ ಗುಳಿಗೆ ಬೀಳತೊಡಗಿತು. ಒಬ್ಬರೂ ಎಸೆಯಲಿಲ್ಲ. ಶಕ್ಕೂಬಾಯಿ ಗೆದ್ದೆ ಎಂದುಕೊಂಡರು.

ಎರಡು ತಿಂಗಳಾದರೂ ಬಸುರಿಯರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದ ಬಿಳಿ. ಗುಳಿಗೆ ಎಲ್ಲಿ ಹೋಗುತ್ತಿದೆ? ಒಂದು ದಿನ ನನ್ನನ್ನೂ ಎಳೆದುಕೊಂಡು ಹುಡುಕಲು ಹೊರಟರು. ಮೊದಲ ಮನೆಯಲ್ಲೇ ಸಿಕ್ಕಿತು. ದೇವರ ಜಗಲಿಯ ಮೇಲೆ, ಲಿಂಗದ ಮುಂದೆ, ಗುಳಿಗೆಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ವಿಭೂತಿ, ಕುಂಕುಮ, ತಲೆಯ ಮೇಲೊಂದು ಸೇವಂತಿಗೆಯ ಎಸಳು. ಎರಡನೆಯ ಮನೆಯಲ್ಲೂ ಹಾಗೇ. ಮೂರನೆಯ ಮನೆಯಲ್ಲಿ ಅವಕ್ಕೆ ಸಜ್ಜಕದ ನೈವೇದ್ಯವೂ ಆಗಿತ್ತು. ಉಡಿಗೆ ಬಿದ್ದ ಪವಿತ್ರ ವಸ್ತುವನ್ನು ಎಸೆಯುವುದು ಹೇಗೆ, ತಿನ್ನಲು ಹೆದರಿಕೆ, ಅದಕ್ಕೇ ಪೂಜೆಗೆ ಇಟ್ಟಿದ್ದರು. ಶಕ್ಕೂಬಾಯಿ ಹೊಸ್ತಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕು, "ಯವ್ವಾ, ದೇವರಿಗೆ ರಕ್ತ ಕಡಿಮಿ ಇಲ್ಲವಾ! ಅಂವಗ ಯಾಕ ಗುಳಿಗಿ ಕೊಟ್ಟೀ?" ಎಂದರು. ಪೂಜೆಗಿಡಿ ಎಂದು ಹೇಳಿಕೊಟ್ಟವರು ಯಾರು ಎಂದು ವಿಚಾರಿಸಿದರೆ ಎಲ್ಲ ಬೆರಳೂ ನಮ್ಮ ಮನೆಯ ಕಡೆಗೇ ತಿರುಗಿದವು.

ಅತ್ತೆ ತಪ್ಪು ಒಪ್ಪಿಕೊಳ್ಳುವ ಪೈಕಿ ಅಲ್ಲ. ಆದರೆ ಸರಿಮಾಡುವ ಪೈಕಿ. "ಉಡಿ ಅಕ್ಕಿ ಕುದಿಸಿ ಉಣ್ತೇವಿ, ಕೊಬ್ಬರಿ ತಿಂತೇವಿ. ಗುಳಿಗಿ ಅಷ್ಟ ಯಾಕ ಜಗಲಿ ಮ್ಯಾಲ ಕುಂದರಬೇಕು?" ಎಂದು ಈ ಪ್ರಶ್ನೆ ಮೊದಲಿನಿಂದ ತಮ್ಮದೇ ಎಂಬಂತೆ ಕೇಳಿ, ಎಲ್ಲರೆದುರು ತಾವೇ ಒಂದು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದರು. ಅಷ್ಟಕ್ಕೇ ಬಿಡದೆ ಕುಬಸದ ಹಾಡಿಗೊಂದು ನುಡಿಯನ್ನೂ ಕಟ್ಟಿದರು:

ಉಡಿಯಾನ ಅಕ್ಕೀಯ ಕುದಿಸುಣ್ಣ ನನಮಗಳ
ಉಡಿಯಾನ ಗುಳಿಗಿ ನುಂಗವ್ವ, ನಿನಕೂಸು
ಎರಿಹೊಲದ ಜ್ವಾಳಾಗಿ ಹೊಳಿಯಾಲಿ

ಆ ವರ್ಷದಿಂದ ರೆಪ್ಪೆಗಳು ಮೆಲ್ಲಗೆ ಕೆಂಪಗಾದವು.

ಇನ್ನು ಗೋಡೆಯ ಕಥೆ. ಅದರ ಬುಡದಲ್ಲಿ ನಗು ಇಲ್ಲ. ಶಕ್ಕೂಬಾಯಿ ಈ ಊರಿಗೆ ಬಂದ ಮೊದಲ ವರ್ಷ ಕಸ್ತೂರಿ ಎಂಬ ಹುಡುಗಿಗೆ ತುಂಬು ಬಸುರಿನಲ್ಲಿ ಕೈಕಾಲು ಸೆಟೆದು ಝಟಕೆ ಬಂತು. ಚಕ್ಕಡಿ ಕಟ್ಟಿ ದೊಡ್ಡ ರಸ್ತೆಗೆ ಒಯ್ದರು. ಬಸ್ಸು ಹೋಗಿಬಿಟ್ಟಿತ್ತು. ರಸ್ತೆಯ ಬದಿಯ ಬೇವಿನ ನೆರಳಲ್ಲಿ ಕಾಯುತ್ತ ಕೂತಾಗಲೇ ಕಸ್ತೂರಿ ಹೋದಳು. ಹೊಟ್ಟೆಯಲ್ಲಿದ್ದದ್ದೂ ಹೋಯಿತು. ಆಮೇಲೆ ಗೊತ್ತಾಯಿತು, ಚಕ್ಕಡಿ ಕಟ್ಟುತ್ತಿದ್ದ ಹೊತ್ತಿನಲ್ಲೇ ಊರಿನ ಇನ್ನೊಂದು ತುದಿಯಿಂದ ನಿಂಬೆಹಣ್ಣಿನ ಟೆಂಪೋ ಬಿಜಾಪುರಕ್ಕೆ ಹೊರಟಿತ್ತು. "ಗಾಲಿ ಇದ್ವು ಟೀಚರ. ಗಾಲಿ ಅದಾವಂತ ನನಗ ಗೊತ್ತಿರಲಿಲ್ಲ. ಅಷ್ಟಕ್ಕ ಒಂದ ಜೀವ ಹೋಗತೈತೇನ್ರಿ?" ಎಂದು ಅವರು ನನಗೆ ಒಮ್ಮೆ ಮಾತ್ರ ಹೇಳಿದರು. ಹೇಳುವಾಗ ಚೀಲದ ಪಟ್ಟಿಯನ್ನು ತಿರುವುತ್ತ ತಿರುವುತ್ತ ಹರಿದೇಬಿಟ್ಟರು.

ಆಮೇಲೆ ಊರಿಗೆ ಬಂದುಹೋಗುವ ಪ್ರತಿಯೊಂದು ವಾಹನದ ವೇಳೆಯನ್ನು ಅವರು ವಿಚಾರಿಸಿ ಇಟ್ಟುಕೊಂಡರು. ಸರಕಾರದ ಘೋಷಣೆ ಬರೆಯಲು ಬಂದ ಪೇಂಟರ್ ಬಿಟ್ಟುಹೋದ ಅರ್ಧ ಡಬ್ಬಿ ನೀಲಿ ಬಣ್ಣವಿತ್ತು. ಉಪಕೇಂದ್ರದ ಹೊರಗೋಡೆಯ ಮೇಲೆ ಏಳು ದಿನಕ್ಕೆ ಏಳು ಪಟ್ಟಿ ಎಳೆದು, ಓದಲು ಬಾರದವರಿಗೂ ತಿಳಿಯಲಿ ಎಂದು ಚಿತ್ರ ಬರೆಯಲು ನನಗೆ ಹೇಳಿದರು. ನಿಂಬೆಯ ಟೆಂಪೋಕ್ಕೆ ನಿಂಬೆಹಣ್ಣು, ಹಾಲಿನ ಗಾಡಿಗೆ ಕ್ಯಾನು, ಸೀಮೆಎಣ್ಣೆಯದಕ್ಕೆ ಬ್ಯಾರಲ್ಲು. ವೇಳೆಗೆ ಗಡಿಯಾರ ಬೇಡ, ಸೂರ್ಯ ಸಾಕು: ಗುಡಿಯ ಕಳಸಕ್ಕೆ ತಾಗಿದ ಸೂರ್ಯ, ಅಗಸಿಯ ಬೇವಿನ ತುದಿಗೆ ಬಂದ ಸೂರ್ಯ, ನೆತ್ತಿಯ ಸೂರ್ಯ. ಗುರುವಾರದ ಪಟ್ಟಿಯಲ್ಲಿ ಬೇವಿನ ತುದಿಯ ಸೂರ್ಯನ ಪಕ್ಕಕ್ಕೇ ನಿಂಬೆಹಣ್ಣು. ನನ್ನ ಚಿತ್ರಕಲೆ ಹೇಗಿತ್ತೆಂದರೆ ನಿಂಬೆಹಣ್ಣು ಉಳ್ಳಾಗಡ್ಡಿಯಾಯಿತು, ಹಾಲಿನ ಕ್ಯಾನು ನಮ್ಮ ಹೆಡ್‌ಮಾಸ್ತರರ ತಲೆಯಂತೆ ಬಂತು. ಊರವರೆಲ್ಲ ಬಂದು ಅದನ್ನೇ ಗುರುತಿಸಿ ಹೋದರು. ಪಾಪ, ಹೆಡ್‌ಮಾಸ್ತರರು ಒಂದು ತಿಂಗಳು ಆ ಕಡೆ ಹಾಯಲಿಲ್ಲ.

ತಪಾಸಣೆಗೆ ಬಂದ ಸಾಹೇಬರೊಬ್ಬರು ಗೋಡೆ ನೋಡಿ, "ಇದು ಯಾವ ಯೋಜನೆ?" ಎಂದು ಕೇಳಿದರು. ಶಕ್ಕೂಬಾಯಿ ಕಣ್ಣು ಪಿಳುಕಿಸದೆ, "ಗಾಲಿ ಯೋಜನಾ ರೀ ಸಾಹೇಬ್ರ" ಎಂದರು. ಸಾಹೇಬರು ಬರೆದುಕೊಂಡರು. ಮುಂದಿನ ತಿಂಗಳು ಗಾಲಿ ಯೋಜನೆಯ ಪ್ರಗತಿ ವರದಿ ಕಳಿಸಿ ಎಂದು ಕಾಗದವೇ ಬಂತು! ನಾವಿಬ್ಬರೂ ಕೂತು, ನನ್ನ ದುಂಡು ಅಕ್ಷರದಲ್ಲಿ, 'ಗಾಲಿಗಳು ತೃಪ್ತಿಕರವಾಗಿ ತಿರುಗುತ್ತಿವೆ' ಎಂದು ಬರೆದು ಕಳಿಸಿದೆವು. ಮತ್ತೆ ಕಾಗದ ಬರಲಿಲ್ಲ.

ವಾಹನ ನಿಲ್ಲಿಸುವುದಕ್ಕೂ ಅವರದೇ ಪದ್ಧತಿ. ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತು ಕೂಗುತ್ತಿದ್ದರು: "ಬ್ರೇಕ್ ಇದ್ರ ಹಾಕು, ಇಲ್ಲಂದ್ರ ನನ್ನ ಮ್ಯಾಲ ಹಾಯಿಸು. ಹಾರನ್ ಮಾತ್ರ ಹೊಡೀಬ್ಯಾಡ, ನನಗ ತಲಿಶೂಲಿ!" ನಿಂಬೆ ಟೆಂಪೋದ ಲಾಲಸಾಬ ಹೇಳುತ್ತಿದ್ದ, ಈ ಮಾತು ಕೇಳಿದರೆ ತನ್ನ ಕಾಲು ತನ್ನ ಅಪ್ಪಣೆ ಕೇಳದೆ ಬ್ರೇಕಿನ ಮೇಲೆ ಹೋಗುತ್ತದೆ ಎಂದು.

ಈ ಗೋಡೆ ನನಗೇ ಬೇಕಾಗುತ್ತದೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನನ್ನ ತವರು ಇಂಡಿ ತಾಲೂಕಿನ ಹೊರ್ತಿ. ನನಗೆ ಒಂಬತ್ತನೆಯ ತಿಂಗಳು ಹತ್ತಿದಾಗ ಅವ್ವ ಓಣಿಯ ಹೆಂಗಸರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹಿಂದಿನ ದಿನವೇ ಬಂದಿಳಿದಿದ್ದಳು. ಮರುದಿನ ಗುರುವಾರ ಕುಬಸ, ಶುಕ್ರವಾರ ಜೀಪು ತಿರುಗಿ ಬಂದು ನನ್ನನ್ನು ಹೆರಿಗೆಗೆ ಹೊರ್ತಿಗೆ ಒಯ್ಯಬೇಕು, ಅಲ್ಲಿ ನನ್ನನ್ನು ಹಡೆಸಿದ ಸೂಲಗಿತ್ತಿಯೇ ನನ್ನ ಮಗುವನ್ನೂ ಹಡೆಸಬೇಕು, ಹೀಗೆ ಅವ್ವನ ಲೆಕ್ಕ. ಎರಡು ದಿನದಿಂದ ನನಗೆ ತಲೆ ಸಿಡಿಯುತ್ತಿತ್ತು, ಕಣ್ಣ ಮುಂದೆ ಮಿಣುಕು ಹುಳ ಹಾರಿದಂತಾಗುತ್ತಿತ್ತು. ಹೇಳಿದರೆ ಸಂಭ್ರಮ ಕೆಡುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ. ಮಕ್ಕಳಿಗೆ ಆರೋಗ್ಯದ ಪಾಠ ಹೇಳುವ ಟೀಚರಮ್ಮನ ಬುದ್ಧಿ ನೋಡಿ!

ಮುಂಜಾನೆ ಎಂಟಕ್ಕೆ ಶಕ್ಕೂಬಾಯಿ ನಗುತ್ತಲೇ ಅಂಗಳಕ್ಕೆ ಬಂದರು. ನನ್ನ ಹಸಿರು ಬಳೆಗಳ ಮೇಲ್ಗಡೆ, ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದರು. "ಇದು ಯಾವ ಊರಿನ ವಂಕಿ ರೀ, ನಮಗೂ ಒಂದು ಕಟ್ಟ್ರಿ" ಎಂದು ಹೊರ್ತಿಯ ಮುದುಕಿಯೊಬ್ಬಳು ಕೇಳಿದಳು. ಎಲ್ಲರೂ ನಕ್ಕರು. ಶಕ್ಕೂಬಾಯಿ ನಗಲಿಲ್ಲ. ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದರು. ಇನ್ನೊಂದು ಕೈಗೆ ಕಟ್ಟಿದರು. ಬಗ್ಗಿ ನನ್ನ ಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಅವರು ನಗದೆ ಇದ್ದದ್ದನ್ನು ಕಂಡು ಹಾಡುವವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಹೊರ್ತಿ ಬ್ಯಾಡ, ಈ ಮನೀನೂ ಬ್ಯಾಡ. ಬಿಜಾಪುರಕ್ಕ ನಡೀರಿ. ಈಗಿಂದೀಗ."

"ಉಡಿ ತುಂಬಲಾರದ ಹೊಸ್ತಿಲಾ ದಾಟಿದ್ರ ಹ್ಯಾಂಗವ್ವಾ!" ಎಂದು ಅವ್ವ ಅಳತೊಡಗಿದಳು. ಅತ್ತೆಯೂ ಆರತಿ ತಟ್ಟೆ ಹಿಡಿದು ಕಂಬದ ಹಾಗೆ ನಿಂತಿದ್ದರು. ಶಕ್ಕೂಬಾಯಿ ಅವರ ಹತ್ತಿರ ಹೋಗಿ ಮೆಲ್ಲಗೆ, "ನೀಲಕ್ಕಾ, ಅಕ್ಕಿ ನಿಮ್ಮ ಕೈಯಾಗ ಐತಿ, ಸೆರಗು ಆಕಿ ಮೈಮ್ಯಾಲ ಐತಿ. ಕುಬಸ ಎಲ್ಲಿ ಕುಂತರೂ ಆಗತೈತಿ. ಕಸ್ತೂರಿಗೂ ಹಿಂಗ ಆಗಿತ್ತು" ಎಂದರು. ಅತ್ತೆ ಸೂರ್ಯನ ಕಡೆ ನೋಡಿದರು. ಬೇವಿನ ತುದಿಗೆ ಇನ್ನೂ ಒಂದು ಗೇಣು ಇತ್ತು. "ಇವತ್ತ ಗುರುವಾರ" ಎಂದರು. ಅಷ್ಟು ಹೊತ್ತಿಗೆ ಶಕ್ಕೂಬಾಯಿ ಸೀರೆ ಎತ್ತಿ ಕಟ್ಟಿ ಅಗಸಿಯ ಕಡೆ ಓಡುತ್ತಿದ್ದರು.

ಲಾಲಸಾಬ ಟೆಂಪೋದ ಹಿಂದಿನ ಹಲಗೆ ಬಿಚ್ಚಿದ. ಅತ್ತೆ ಆ ಹಲಗೆಗೆ ಅರಿಶಿನ ಕುಂಕುಮ ಹಚ್ಚಿ, "ಇದ ಹೊಸ್ತಿಲಾ ಅನ್ನಕೋ, ಬಲಗಾಲ ಇಟ್ಟು ಹತ್ತು" ಎಂದರು. ನನ್ನನ್ನು ನಿಂಬೆಯ ಚೀಲಗಳ ಮೇಲೆ ಕೌದಿ ಹಾಸಿ ಎಡಮಗ್ಗುಲಾಗಿ ಮಲಗಿಸಿದರು. ನನ್ನ ಹಿಂದೆ ಅತ್ತೆ, ಅವ್ವ, ಆರತಿ, ಹೋಳಿಗೆಯ ಬುಟ್ಟಿ, ಹೊರ್ತಿಯ ಅಷ್ಟೂ ಹೆಂಗಸರು ಹತ್ತಿದರು. ಇಳಿಯಿರಿ ಎಂದರೆ ಯಾರೂ ಇಳಿಯಲಿಲ್ಲ. ನನ್ನ ಮನೆಯವರು ಹಿಂದೆ ಜಾಗ ಸಾಲದೆ ಮುಂದೆ ಲಾಲಸಾಬನ ಪಕ್ಕ ಕೂತರು. ಹಾಡದೆ ಉಡಿ ತುಂಬುವುದು ಹೇಗೆ ಎಂಬ ಹೊಸ ತಕರಾರು ಹುಟ್ಟಿತು. ನನಗೆ ಗದ್ದಲ ಆಗಕೂಡದು ಎಂದು ಶಕ್ಕೂಬಾಯಿ ಕಣ್ಣು ಕೆಂಪಗೆ ಮಾಡಿದರು. ಕೊನೆಗೆ ರಾಜಿಯಾಯಿತು: ಸಿಂದಗಿ ದಾಟಿ ಬಿಜಾಪುರದ ತನಕ ಅಷ್ಟೂ ಹೆಂಗಸರು ಕುಬಸದ ಹಾಡನ್ನು ಪಿಸುಮಾತಿನಲ್ಲಿ ಹಾಡಿದರು.

ತಗ್ಗು ಬಂದಾಗಲೆಲ್ಲ ಉಡಿಯ ಅಕ್ಕಿ ಚೀಲಗಳ ಮೇಲೆ ಚೆಲ್ಲುತ್ತಿತ್ತು. "ನೀಲವ್ವಾ, ನನ್ನ ನಿಂಬಿಕಾಯಿಗೂ ಉಡಿ ತುಂಬಾಕತ್ತೀರೇನು?" ಎಂದು ಲಾಲಸಾಬ ಮುಂದಿನಿಂದ ಕೂಗಿದ. "ನೀ ಮುಂದ ನೋಡಿ ಹೊಡಿಯೋ ನಮ್ಮಪ್ಪಾ!" ಎಂದು ಅಷ್ಟೂ ಜನ ಒಟ್ಟಿಗೆ, ಪಿಸುಮಾತಿನಲ್ಲೇ, ಬೈದರು. ನನಗೆ ತಲೆ ಒಡೆಯುವಂತಿದ್ದರೂ ನಗು ತಡೆಯಲಾಗಲಿಲ್ಲ. ಶಕ್ಕೂಬಾಯಿ ಮಾತ್ರ ನನ್ನ ಕೈ ಹಿಡಿದು, ನನ್ನ ಕಣ್ಣನ್ನೇ ನೋಡುತ್ತ ಕೂತಿದ್ದರು.

ದವಾಖಾನೆಯ ಗೇಟಿನಲ್ಲಿ ಕಾವಲುಗಾರ ಹಸಿರು ಸೀರೆ, ಆರತಿ, ಹೆಂಗಸರ ಗುಂಪು ನೋಡಿ, "ಮದುವಿ ಕಾರ್ಯಾಲಯ ಮುಂದಿನ ಓಣ್ಯಾಗ ಐತ್ರಿ" ಎಂದ. ಶಕ್ಕೂಬಾಯಿ, "ಮದುವಿ ಆಗಿದ್ದಕ್ಕ ಈ ಪರಿಸ್ಥಿತಿ ಬಂದೈತಿ, ಬಾಗಲಾ ತಗಿ!" ಎಂದು ಗುಡುಗಿದರು. ಒಳಗೆ ಡಾಕ್ಟರಮ್ಮ ನೋಡಿ, ನಾಳೆಯ ತನಕ ಕಾದಿದ್ದರೆ ಝಟಕೆ ಬರುತ್ತಿತ್ತು, ಆಮೇಲೆ ತಾಯಿ ಮಗು ಇಬ್ಬರ ಮಾತನ್ನೂ ಹೇಳಲಾಗುತ್ತಿರಲಿಲ್ಲ ಎಂದರು. ಆ ದಿನ ಸಂಜೆಯೇ ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ಅಂಗೈಯಷ್ಟು ಇತ್ತು, ಆದರೆ ಅತ್ತಿತು.

ನನಗೆ ಎಚ್ಚರವಾದ ಮೇಲೆ ಅತ್ತೆ ಹೇಳಿದರು: ಮಗುವಿನ ಅಳು ಕೇಳಿದ ಕ್ಷಣ ಶಕ್ಕೂಬಾಯಿ ಆ ಉದ್ದ ಪಡಸಾಲೆಯಲ್ಲಿ ಹೋ ಎಂದು ನಕ್ಕರಂತೆ. ಗದರಿಸಲು ಬಂದ ಅಲ್ಲಿಯ ನರ್ಸನ್ನು ಅಪ್ಪಿಕೊಂಡು ನಕ್ಕರಂತೆ. ನಗುನಗುತ್ತಲೇ ಅತ್ತೆಯ ಹೆಗಲಿಗೆ ಮುಖವಿಟ್ಟು ಅಳುವುದಕ್ಕೆ ಶುರು ಮಾಡಿ, "ಕಸ್ತೂರಿಗೂ ಇಷ್ಟ ಬೇಕಾಗಿತ್ತು ನೋಡ್ರಿ ನೀಲಕ್ಕಾ. ಇಷ್ಟ" ಎಂದರಂತೆ. ನನ್ನ ಮಗಳಿಗೆ ಚೆಂದದ ಹೆಸರಿಟ್ಟಿದ್ದೇವೆ. ಊರಿನವರು ಮಾತ್ರ ಅವಳನ್ನು ಇವತ್ತಿಗೂ ನಿಂಬೆವ್ವ ಎಂದೇ ಕರೆಯುತ್ತಾರೆ, ಅವಳು ಇವತ್ತಿಗೂ ಸಿಟ್ಟಾಗುತ್ತಾಳೆ.

ನನ್ನ ಮಗಳು ಎರಡನೆಯ ತರಗತಿಗೆ ಬಂದ ವರ್ಷ ಶಕ್ಕೂಬಾಯಿಗೆ ಬಾಗೇವಾಡಿ ತಾಲೂಕಿಗೆ, ಮನಗೂಳಿಯ ಹತ್ತಿರದ ಊರಿಗೆ ವರ್ಗವಾಯಿತು. ಹೊರಡುವ ದಿನ ಉಪಕೇಂದ್ರದ ಅಂಗಳ ತುಂಬ ಹೆಂಗಸರು. ಅತ್ತೆ ಒಂದು ಮೊರದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಇಳಕಲ್ ಸೀರೆ ಇಟ್ಟುಕೊಂಡು ಬಂದು, "ಸೆರಗ ಒಡ್ಡ್ರಿ ಬಾಯಾರ" ಎಂದರು.

ಶಕ್ಕೂಬಾಯಿ ಹಿಂದೆ ಸರಿದರು. "ಬ್ಯಾಡ ನೀಲಕ್ಕಾ. ಗಂಡನ್ನ ಬಿಟ್ಟಾಕಿ ನಾನು. ಯಾರರೆ ಏನರೆ ಅಂದಾರು."

"ಅಂದಾಕಿ ನಾನ. ಈಗ ತುಂಬಾಕೀನೂ ನಾನ. ಸುಮ್ಮ ಒಡ್ಡ್ರಿ."

ಅತ್ತೆ ಐದು ಸಲ ಅಕ್ಕಿ ಹಾಕಿದರು. ಕೊನೆಗೆ ಸೊಂಟದಿಂದ ಒಂದು ಕೆಂಪು ಗುಳಿಗೆ ತೆಗೆದು ಅದನ್ನೂ ಉಡಿಗೆ ಹಾಕಿದರು. ಶಕ್ಕೂಬಾಯಿ ಆ ಗುಳಿಗೆಯನ್ನು ನೋಡಿದರು, ನಮ್ಮನ್ನೆಲ್ಲ ನೋಡಿದರು, ಬಾಯಿಗೆ ಹಾಕಿಕೊಂಡು ನೀರಿಲ್ಲದೆ ನುಂಗಿಬಿಟ್ಟರು. ಅಳುವವರೆಲ್ಲ ನಕ್ಕರು. ಮೊಪೆಡ್ಡನ್ನೂ ಅವರನ್ನೂ ಲಾಲಸಾಬನೇ ತನ್ನ ಟೆಂಪೋದಲ್ಲಿ ಒಯ್ದ. ನಿಂಬೆಯ ಚೀಲಗಳ ಮೇಲೆ ಕೂತು ಹಳ್ಳ ದಾಟುವ ತನಕ ಅವರು ನಗುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಅವರ ಜಾಗಕ್ಕೆ ಎರಡು ವರ್ಷ ಯಾರೂ ಬರಲಿಲ್ಲ. ಉಪಕೇಂದ್ರದ ಬಾಗಿಲಿಗೆ ಬೀಗ. ಗೋಡೆಯ ನೀಲಿ ಬಣ್ಣ ಮಳೆಗೆ ತೊಳೆದು ಹೋಯಿತು. ಮೊಬೈಲು ಬಂದಿತ್ತು, ಆದರೆ ನಮ್ಮೂರಲ್ಲಿ ನೀರಿನ ಟಾಕಿ ಹತ್ತಿ ಹಿಡಿದರೆ ಮಾತ್ರ ಮಾತು ಕೇಳುತ್ತಿತ್ತು.

ಆಗ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ರೇಣುಕಾ, ಎಂಟು ತಿಂಗಳ ಬಸುರಿ. ಒಂದು ಮುಂಜಾನೆ ನಾನು ಶಾಲೆಗೆ ಹೊರಟಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವಳು ತಲೆ ಹಿಡಿದು ಕೂತಳು. ಅತ್ತೆ ಬಂದು, ಅವಳ ಸೀರೆ ಸರಿಸಿ, ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ಹತ್ತು ಎಣಿಸಿದರು. ಬೆರಳು ತೆಗೆದರು. ಕುಣಿ ಹಾಗೇ ಉಳಿಯಿತು. ಅತ್ತೆ ಅಂಗಳಕ್ಕೆ ಬಂದು ಬೇವಿನ ತುದಿ ನೋಡಿದರು.

"ಸುಮಾ, ಇವತ್ತ ಯಾವ ವಾರ?"

"ಗುರುವಾರ ರೀ ಅತ್ತಿ."

ಎಪ್ಪತ್ತರ ಹತ್ತಿರದ ಆ ಹೆಂಗಸು ಸೀರೆ ಎತ್ತಿ ಕಟ್ಟಿ ಓಡಿದ್ದನ್ನು ನಾನು ಅಂದೇ ನೋಡಿದ್ದು. ರೇಣುಕಾಳನ್ನು ಹಿಡಿದುಕೊಂಡು ನಾನು ಅಗಸಿ ಮುಟ್ಟುವಷ್ಟರಲ್ಲಿ ಅವರು ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತಿದ್ದರು. ತಿರುವಿನಲ್ಲಿ ಧೂಳೆಬ್ಬಿಸುತ್ತ ಟೆಂಪೋ ಬಂತು.

"ಬ್ರೇಕ್ ಇದ್ರ ಹಾಕು, ಇಲ್ಲಂದ್ರ ನನ್ನ ಮ್ಯಾಲ ಹಾಯಿಸು! ಹಾರನ್ ಮಾತ್ರ ಹೊಡೀಬ್ಯಾಡ!"

ಟೆಂಪೋ ಕಿರ್ರೆಂದು ನಿಂತಿತು. ಧೂಳಿನಲ್ಲಿ ಲಾಲಸಾಬನಿಗೆ ಮುಖ ಕಾಣಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಾಯಾರ ಬಂದ್ರೇನು?" ಎಂದು ಕೂಗಿದ.

"ಬಂದಾರ" ಎಂದರು ಅತ್ತೆ. "ಹಿಂದಿನ ಹಲಗಿ ಬಿಚ್ಚು."